ಅಟ್ಟದ ಸಾಮಾನಿನಿಂದ ಮಗಳ ಮನೆ ಹೂಡಿದ ಎಂಟು ವಾರ

ಜೂನ್ 14ರ ಬೆಳಗ್ಗೆ ಸಾಮಾನಿನ ಗಾಡಿ ಬೆಂಗಳೂರಿನಲ್ಲಿ ಮಗಳ ಬಾಡಿಗೆ ಮನೆ ಮುಂದೆ ನಿಂತಿತು. ಅದರಲ್ಲಿ ಎರಡು ಗಾದಿ, ನಾಲ್ಕು ದಿಂಬು, ಹಳೆ ಸೀರೆಗಳನ್ನು ಪದರ ಮಾಡಿ ಹೊಲಿದ ಎರಡು ಕೌದಿ, ಒಂದು ಸಾಗವಾನಿ ಮಂಚ, ಐದು ಹಿತ್ತಾಳೆ ಪಾತ್ರೆ, ಮಿಕ್ಸರ್, ಕುಕ್ಕರ್, ಎರಡು ಟ್ರಂಕು, ಮೂವತ್ತಕ್ಕೂ ಜಾಸ್ತಿ ಗಾಜಿನ ಬಾಟಲಿ ಇದ್ದವು. ಎಲ್ಲವೂ ಧಾರವಾಡದ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಸಾಮಾನು. ಅವನ್ನು ಕೆಳಗಿಳಿಸಿ, ರಿಪೇರಿ ಮಾಡಿಸಿ, ಮತ್ತೆ ಬಳಸುವ ಹಾಗೆ ಮಾಡಲು ನನಗೆ ಎಂಟು ವಾರ ಹಿಡಿಯಿತು. ಯಾರಾದರೂ ಮೊದಲೇ ಹೇಳಿದ್ದರೆ ಇದರಲ್ಲಿ ಮೂರು ವಾರವಾದರೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳ ಮದುವೆಯಾದದ್ದು ಫೆಬ್ರುವರಿಯಲ್ಲಿ. ಅವಳೂ ಅಳಿಯನೂ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿಯವರೆಗೆ ಬೇರೆ ಬೇರೆ ಪಿಜಿಗಳಲ್ಲಿದ್ದರು. ಏಪ್ರಿಲ್‌ನಲ್ಲಿ ಒಂದು ಮನೆ ನೋಡಿದರು. ತಿಂಗಳ ಬಾಡಿಗೆ 20,000 ರೂಪಾಯಿ, ಐದು ತಿಂಗಳ ಅಡ್ವಾನ್ಸ್. ಕೂಡಿಟ್ಟದ್ದೆಲ್ಲ ಅಲ್ಲಿಗೇ ಮುಗಿಯಿತು. ಆಮೇಲೆ ಮನೆಗೆ ಬೇಕಾದ ಸಾಮಾನಿನ ಪಟ್ಟಿ ಮಾಡಿ ನನಗೆ ಕಳಿಸಿದಳು. ಮಂಚಕ್ಕೆ 15,000, ಹಾಸಿಗೆ ದಿಂಬಿಗೆ 16,000, ಹೊದಿಕೆಗೆ 5,000, ಪಾತ್ರೆಗೆ 12,000, ಮಿಕ್ಸರ್, ಕುಕ್ಕರ್, ಡಬ್ಬಿಗಳು, ಒಂದು ಕಬ್ಬಿಣದ ಕಪಾಟು. ಎಲ್ಲ ಸೇರಿ 74,000. “ಇಎಂಐ ಮೇಲೆ ತಗೋತೀವಿ ಅವ್ವಾ” ಅಂದಳು. ಹೊಸ ಸಂಸಾರ, ಉಣ್ಣೋ ತಟ್ಟೆಗೂ ಸಾಲವೇ ಅಂತ ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು. ಆ ರಾತ್ರಿ ಮಲಗಿದವಳು ಅಟ್ಟದ ಕಡೆಗೇ ನೋಡುತ್ತಿದ್ದೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೇಸಿಗೆ ರಜೆ ಇತ್ತು. ಮೇ ಕೊನೆಗೆ ಶಾಲೆ ಶುರು, ಜೂನ್ ಮೊದಲ ವಾರ ಕಳೆದರೆ ಮಿರಗ, ಅಂದರೆ ಮೃಗಶಿರಾ ಮಳೆ ಕೂಡುತ್ತದೆ, ಧಾರವಾಡದಲ್ಲಿ ಮಳೆ ಹಿಡಿದರೆ ಒಂದು ಬಟ್ಟೆ ಒಣಗುವುದೂ ಕಷ್ಟ. ಅಷ್ಟರೊಳಗೆ ಮುಗಿಸಬೇಕು ಅಂತ ಏಪ್ರಿಲ್ 20ಕ್ಕೆ ಅಟ್ಟ ಹತ್ತಿಸಿದೆ.

ನಮ್ಮ ಮನೆಯವರು ಮೇಲಿನಿಂದ ಕೊಟ್ಟರು, ನಾನು ಕೆಳಗೆ ಹಿಡಿದೆ. ಎರಡು ದಿನ ಬರೀ ಧೂಳು. ಪಡಸಾಲೆಯಲ್ಲಿ ಮೂರು ಗುಂಪು ಮಾಡಿದೆವು. ತೊಳೆದರೆ ಸಾಕು ಅನ್ನುವುದು ಒಂದು, ರಿಪೇರಿ ಬೇಕು ಅನ್ನುವುದು ಒಂದು, ಮನೆಯಿಂದ ಹೋಗಬೇಕು ಅನ್ನುವುದು ಒಂದು. ಮೂರನೇ ಗುಂಪು ಮಾಡುವಾಗ ಜೀವ ಗಟ್ಟಿ ಮಾಡಿಕೊಳ್ಳಬೇಕು. ಮೇಲಿನ ಕರಿ ಪದರ ಕಿತ್ತುಹೋದ ನಾನ್‌ಸ್ಟಿಕ್ ತವಾ, ಹಳದಿಯಾಗಿ ಜಿಡ್ಡು ಹಿಡಿದ ಪ್ಲಾಸ್ಟಿಕ್ ಡಬ್ಬಿ, ಫೋಮ್ ಪುಡಿಯಾಗಿದ್ದ ದಿಂಬು, ಹಳೆ ಗ್ಯಾಸ್ ಪೈಪು, ಇವನ್ನೆಲ್ಲ ನಾನು ಮುಲಾಜಿಲ್ಲದೆ ಆಚೆ ಹಾಕಿದೆ. ಗ್ಯಾಸ್ ಪೈಪಿನ ಮೇಲೆ ಅದರ ಅವಧಿ ಅಚ್ಚಾಗಿರುತ್ತದೆ, ನೋಡಿಕೊಳ್ಳಿ. ಐದು ವರ್ಷಕ್ಕೊಮ್ಮೆ ಬದಲಿಸಬೇಕು ಅಂತಾರೆ. ನೋಡಲು ಗಟ್ಟಿಮುಟ್ಟಾಗಿದೆ ಅಂತ ಅದನ್ನು ಮಗಳ ಮನೆಗೆ ಕಳಿಸಲು ನನಗೆ ಧೈರ್ಯವಾಗಲಿಲ್ಲ. ಬೆಂಕಿ, ವಿದ್ಯುತ್ತು, ಉಗಿ ಸೇರುವ ಕಡೆ ಹಳೆ ರಬ್ಬರ್ ಬೇಡವೇ ಬೇಡ.

ಮೊದಲು ಕೈ ಹಚ್ಚಿದ್ದು ಗಾದಿಗೆ. ಎರಡೂ ನಮ್ಮ ಅತ್ತೆಯವರ ಕಾಲದವು. ಆಗ ಅವರ ಹೊಲದಲ್ಲಿ ಜವಾರಿ ಹತ್ತಿ ಬೆಳೆಯುತ್ತಿದ್ದರು, ಅದೇ ಹತ್ತಿ ತುಂಬಿಸಿದ್ದು. ಎಳೆ ಗಿಡ್ಡವಾದರೂ ಗಾದಿಗೆ ಅದೇ ಚಲೋ, ಬೇಗ ಚಪ್ಪಟೆಯಾಗುವುದಿಲ್ಲ ಅಂತ ಅತ್ತೆ ಹೇಳುತ್ತಿದ್ದರು. ಹತ್ತು ವರ್ಷ ಅಟ್ಟದಲ್ಲಿ ಸುತ್ತಿಟ್ಟದ್ದಕ್ಕೆ ಈಗ ಹಲಗೆಯ ಹಾಗೆ ಆಗಿದ್ದವು. ಒಂದರ ಮೂಲೆಯಲ್ಲಿ ಇಲಿ ಗೂಡು ಮಾಡಿ ಹೋಗಿತ್ತು. ಅಷ್ಟು ಭಾಗದ ಹತ್ತಿಯನ್ನು ಕಿತ್ತು ಎಸೆದು, ಉಳಿದದ್ದನ್ನು ತೂಕ ಮಾಡಿಸಿದೆ. ಎರಡೂ ಸೇರಿ 26 ಕಿಲೋ. ಹೊಸ ಹತ್ತಿ ಕಿಲೋಗೆ 200 ರೂಪಾಯಿ ಅಂತ ಅಂಗಡಿಯಲ್ಲಿ ಹೇಳಿದಾಗ ನಮ್ಮ ಅಟ್ಟದಲ್ಲಿ 5,000 ರೂಪಾಯಿಯ ಹತ್ತಿ ಮಲಗಿತ್ತು ಅನ್ನುವುದು ಗೊತ್ತಾಯಿತು.

ನಾನು ಚಿಕ್ಕವಳಿದ್ದಾಗ ಹತ್ತಿ ಹಿಂಜುವ ಪಿಂಜಾರರು ಓಣಿ ಓಣಿಗೆ ಬರುತ್ತಿದ್ದರು. ಹೆಗಲ ಮೇಲೆ ದೊಡ್ಡ ಬಿಲ್ಲು. ಅದರ ನರ ಮೀಟುತ್ತಾ ಬಂದರೆ ಎರಡು ಓಣಿ ಆಚೆಗೇ ಕೇಳುತ್ತಿತ್ತು. ಈಗ ಬಿಲ್ಲು ಇಲ್ಲ, ಮಷೀನು ಬಂದಿದೆ. ನಮ್ಮ ಕಡೆ ಗಾದಿ ಅಂಗಡಿಗಳಲ್ಲಿ ಹಿಂದೆ ಒಂದು ಶೆಡ್ಡಿನಲ್ಲಿ ಇಟ್ಟಿರುತ್ತಾರೆ. ನಾಲ್ಕು ಅಂಗಡಿ ತಿರುಗಿದೆ. ಮೂರು ಕಡೆ ಹಳೆ ಹತ್ತಿ ಬಿಟ್ಟು ಹೋಗಿ, ಎರಡು ದಿನಕ್ಕೆ ಬಂದು ಗಾದಿ ಒಯ್ಯಿರಿ ಅಂದರು. ನಾಲ್ಕನೆಯ ಅಂಗಡಿಯ ಚಾಚಾ ಬೇರೆ ಥರ ಹೇಳಿದರು.

“ನಿಂತು ಮಾಡಿಸ್ರಿ ಅಕ್ಕಾರ. ಇಷ್ಟ ಚಲೋ ಹತ್ತಿ ಬಿಟ್ಟು ಹೋಗಬ್ಯಾಡ್ರಿ. ನಿಮ್ ಹತ್ತಿ ನಿಮಗ ಬರಬೇಕು.”

ಬೇರೆ ಕಡೆ ಹತ್ತಿ ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಹತ್ತಿ ಒಳ್ಳೆಯದಿದ್ದರೆ ಎದುರಿಗೇ ನಿಂತು ಹಿಂಜಿಸಿ. ಹಿಂಜುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಕ ಮಾಡಿಸಿ. ಧೂಳು, ಬೀಜದ ಸಿಪ್ಪೆ ಹೋಗಿ ಸ್ವಲ್ಪ ಕಡಿಮೆ ಆಗೇ ಆಗುತ್ತದೆ, ನಮ್ಮದು 26 ಕಿಲೋದಲ್ಲಿ 2 ಕಿಲೋ ಹೋಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ. ಉಬ್ಬಸ ಇದ್ದವರು ಆ ಶೆಡ್ಡಿನ ಹತ್ತಿರವೂ ಸುಳಿಯಬಾರದು, ಅಷ್ಟು ಧೂಳು ಏಳುತ್ತದೆ.

ಎಲ್ಲ ಸರಿ, ಆದರೆ ಆ ದಿನ ಹಿಂಜಲಿಲ್ಲ. ಹಿಂದಿನ ಸಂಜೆ ಗುಡುಗಿ ಅಡ್ಡಮಳೆ ಬಂದಿತ್ತು. ಚಾಚಾ ಹತ್ತಿಯನ್ನು ಬೆರಳಲ್ಲಿ ಒತ್ತಿ ನೋಡಿ, “ಹವಾ ತಂಪದ. ಈಗ ಹಾಕಿದ್ರ ಗಂಟು ಗಂಟು ಆಗ್ತದ. ಮೂರು ಬಿಸಲು ಬೀಳಲಿ, ಬರ್ರಿ” ಅಂತ ವಾಪಸ್ ಕಳಿಸಿದರು. ಬಿಸಿಲು ಬೀಳಲು ಹನ್ನೊಂದು ದಿನ ಕಾದೆ. ಬೆಳಗ್ಗೆ ಮಾಳಿಗೆಯ ಮೇಲೆ ಹತ್ತಿ ಹರಡುವುದು, ಮಧ್ಯಾಹ್ನ ಮೋಡ ನೋಡಿ ಓಡಿ ಎತ್ತುವುದು. ಈ ಕೆಲಸ ಮಾಡಿಸುವವರು ಮಾರ್ಚ್‌ನಲ್ಲೇ ಶುರು ಮಾಡಿ. ಏಪ್ರಿಲ್ ಕೊನೆಗೆ ನಾನು ಹೋದದ್ದೇ ತಪ್ಪು.

ಕೊನೆಗೂ ಹಿಂಜಿಸಿದ ದಿನ ಒಂದು ಕಡೆಯಿಂದ ಬೂದುಬಣ್ಣದ ಹೆಂಟೆಗಳು ಒಳಗೆ ಹೋದವು. ಇನ್ನೊಂದು ಕಡೆ ಬೆಳ್ಳಗೆ, ಹಗುರವಾಗಿ, ಹಾಲಿನ ನೊರೆಯ ಹಾಗೆ ಉಕ್ಕಿ ಬಂತು. ಕೈ ಹಾಕಿದರೆ ಬೆಚ್ಚಗಿತ್ತು. ಅತ್ತೆಯವರು ಹೋಗಿ ಆರು ವರ್ಷವಾಯಿತು. ಅವರ ಹೊಲದ ಹತ್ತಿ ಮತ್ತೆ ಹೀಗೆ ಎದ್ದು ಕೂತದ್ದು ನೋಡಿ ಕಣ್ಣು ತುಂಬಿತು. ಚಾಚಾ ನೋಡಿಯೂ ನೋಡದ ಹಾಗೆ ಹೊಸ ಬಟ್ಟೆ ಅಳೆಯುತ್ತಾ ಕೂತರು.

ಹಿಂಜುವುದಕ್ಕೆ ಕಿಲೋಗೆ 40ರ ಹಾಗೆ 1,040 ಆಯಿತು. ಕಡಿಮೆ ಬಿದ್ದ 4 ಕಿಲೋ ಹೊಸ ಹತ್ತಿಗೆ 800. ಬಟ್ಟೆ, ಹೊಲಿಗೆ, ಟಾಕು ಸೇರಿ ಒಂದು ಗಾದಿಗೆ 950ರಂತೆ 1,900. ಇಲ್ಲಿ ಒಂದು ಮಾತು. ಗಾದಿ ಬಟ್ಟೆಯಲ್ಲಿ ಉಳಿತಾಯ ಮಾಡಬೇಡಿ. ತೆಳು ಬಟ್ಟೆ ಹಾಕಿಸಿದರೆ ಎರಡು ವರ್ಷಕ್ಕೆ ಹತ್ತಿ ಆಚೆ ಇಣುಕುತ್ತದೆ. ಎಲ್ಲ ಹತ್ತಿಯನ್ನೂ ಗಾದಿಗೇ ತುಂಬಿಸದೆ ಸ್ವಲ್ಪ ಉಳಿಸಿ ನಾಲ್ಕು ದಿಂಬು ಮಾಡಿಸಿದೆ, ಅದಕ್ಕೆ 480.

ಗಾದಿಗಾಗಿ ಕಾಯುವ ದಿನಗಳಲ್ಲೇ ಮಿಕ್ಸರಿನ ಹಿಂದೆ ಬಿದ್ದೆ. ನಾಲ್ಕು ವರ್ಷದ ಹಿಂದೆ ತಂದದ್ದು. ಎರಡು ವರ್ಷ ಚೆನ್ನಾಗಿ ನಡೆದು, ಒಂದು ದಿನ ಶೇಂಗಾ ಚಟ್ನಿ ರುಬ್ಬುವಾಗ ಮೋಟರು ನಿಂತಿತು. ಅದೇ ವಾರ ಹಬ್ಬದ ಆಫರ್ ಇತ್ತು, ಹೊಸದು ಬಂತು, ಹಳೆಯದು ಅಟ್ಟ ಸೇರಿತು. ಈಗ ಡಬ್ಬಿಯೊಳಗಿನ ಕಾರ್ಡು ಓದಿದರೆ ಮೋಟರಿಗೆ ಐದು ವರ್ಷದ ವಾರಂಟಿ ಇದೆ! ಸರ್ವಿಸ್ ಸೆಂಟರಿಗೆ ಒಯ್ದೆ. ಬಿಲ್ ಕೇಳಿದರು. ಬಿಲ್ ಜೋಪಾನವಾಗಿ ಇಟ್ಟಿದ್ದೆ, ತೆಗೆದು ನೋಡಿದರೆ ಬಿಳಿ ಕಾಗದ. ಅಂಗಡಿಗಳಲ್ಲಿ ಈಗ ಕೊಡುವ ನುಣುಪು ಕಾಗದದ ಬಿಲ್ಲಿನಲ್ಲಿ ಶಾಯಿ ಇರುವುದಿಲ್ಲ. ಶಾಖದಿಂದ ಮೂಡಿದ ಅಕ್ಷರ ಅದು, ಅಟ್ಟದ ಬಿಸಿಗೆ ಪೂರಾ ಅಳಿಸಿಹೋಗಿತ್ತು. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು ಇತ್ತು, ಆದರೆ ತಾರೀಖು ಬರೆದಿರಲಿಲ್ಲ. ತಾರೀಖು ಇಲ್ಲದೆ ಆಗುವುದಿಲ್ಲ ಅಂದರು.

ತಂದ ಅಂಗಡಿಗೆ ಹೋದೆ. ಮೊದಲ ಸಲ ಕಂಪ್ಯೂಟರ್ ಕೆಟ್ಟಿದೆ ಅಂದರು. ಎರಡನೇ ಸಲ ಲೆಕ್ಕ ನೋಡುವವರು ಮದುವೆಗೆ ಹೋಗಿದ್ದರು, ಬಸವ ಜಯಂತಿ ಸುತ್ತಮುತ್ತ ಅಲ್ವಾ, ಊರೆಲ್ಲ ಮದುವೆಯೇ. ಮೂರನೇ ಸಲ ಹೋದಾಗ ಒಬ್ಬ ಹುಡುಗ ನನ್ನ ಫೋನ್ ನಂಬರ್ ಹಾಕಿ ಹುಡುಕಿದ. ಎರಡು ನಿಮಿಷಕ್ಕೆ ಬಿಲ್ ಸಿಕ್ಕಿತು, ಪ್ರಿಂಟ್ ತೆಗೆದು ಸೀಲು ಹೊಡೆದು ಕೊಟ್ಟ. ಮೊದಲ ದಿನವೇ ಫೋನ್ ನಂಬರ್ ಹಾಕಿ ನೋಡಿ ಅಂತ ಕೇಳುವುದು ನನಗೆ ಹೊಳೆದಿರಲಿಲ್ಲ. ನೀವು ಕೇಳಿ. ಮತ್ತೆ ಇನ್ನು ಮುಂದೆ ಏನೇ ತಂದರೂ ಬಿಲ್ಲಿನ ಝೆರಾಕ್ಸ್ ಮಾಡಿಸಿ ಕಾರ್ಡಿಗೆ ಪಿನ್ ಮಾಡಿ, ಮೊಬೈಲಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ, ಕಾರ್ಡಿನ ಮೇಲೆ ತಾರೀಖನ್ನು ಅಂಗಡಿಯಲ್ಲೇ ಬರೆಸಿ. ಮೋಟರು ಪುಕ್ಕಟೆ ಬಂತು. ಜಾರಿನ ಬ್ಲೇಡು ಮತ್ತು ಕೆಳಗಿನ ಕಪ್ಲರ್‌ಗೆ 620 ಕೊಟ್ಟೆ. ಎಲ್ಲ ಮುಗಿಯಲು 19 ದಿನ.

ಕುಕ್ಕರಿನದು ಸುಲಭ. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿ, ಮೂರೂ ಹೊಸದು ಹಾಕಿಸಿದೆ, 480. ಅಂಗಡಿಗೆ ಮುಚ್ಚಳ ಒಯ್ಯದೆ ಹೋಗಬೇಡಿ. ಐದು ಲೀಟರ್ ಅಂದರೆ ಸಾಲದು, ಒಂದೇ ಅಳತೆಯ ಕುಕ್ಕರಿಗೆ ಬೇರೆ ಬೇರೆ ಗ್ಯಾಸ್ಕೆಟ್ ಇರುತ್ತದೆ. ಅದೇ ಕಂಪನಿಯ, ಐಎಸ್‌ಐ ಗುರುತಿನ ಭಾಗವನ್ನೇ ಕೇಳಿ ತಗೊಳ್ಳಿ. ಐವತ್ತು ರೂಪಾಯಿ ಜಾಸ್ತಿ ಆದರೂ ಆಗಲಿ.

ಮಂಚದ ಸಂದುಗಳಲ್ಲಿ ತಿಗಣೆ ಇದ್ದವು. ಇದನ್ನು ಬರೆಯಲು ಸಂಕೋಚ, ಆದರೆ ಹಳೆ ಮಂಚ ಒಯ್ಯುವವರು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಮಂಚ ಬಿಚ್ಚಿ, ಪ್ರತಿ ಸಂದಿಗೂ ಕುದಿಯುವ ನೀರು ಹೊಯ್ದು, ಬಿಸಿಲಿಗೆ ಹಾಕಿದೆವು. ಒಮ್ಮೆ ಹೊಯ್ದರೆ ತತ್ತಿ ಉಳಿಯುತ್ತವೆ, ವಾರ ಕಳೆದ ಮೇಲೆ ಮರಿಯಾಗುತ್ತವೆ. ಹಾಗಾಗಿ ಎಂಟೆಂಟು ದಿನಕ್ಕೊಮ್ಮೆ ಮೂರು ಸಲ ಹೊಯ್ದೆವು. ಗಾದಿಯನ್ನು ಅಲ್ಲಿಯವರೆಗೆ ಆ ಕೋಣೆಗೇ ತರಲಿಲ್ಲ. ಆಮೇಲೆ ಬಡಿಗೇರರನ್ನು ಕರೆಸಿ ಒಂದು ಪಟ್ಟಿ ಬದಲಿಸಿ ಪಾಲಿಶ್ ಮಾಡಿಸಿದ್ದು 1,400. ಮಗಳಿಗೆ ಹೇಳಿ ಅಲ್ಲಿಯ ಬಾಗಿಲು ಮತ್ತು ಮೆಟ್ಟಿಲಿನ ತಿರುವನ್ನು ಟೇಪಿನಿಂದ ಅಳೆಸಿದ್ದೆ. ಬಿಚ್ಚಿ ಜೋಡಿಸುವ ಮಂಚವಾದದ್ದಕ್ಕೆ ಬಚಾವಾದೆವು, ಇಡೀ ಮಂಚವಾಗಿದ್ದರೆ ಎರಡನೇ ಮಹಡಿಗೆ ಹತ್ತುತ್ತಿರಲಿಲ್ಲ.

ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊರಗೆ ಬಂಗಾರದ ಹಾಗೆ ಹೊಳೆದವು. ಒಳಗೆ ಕಲಾಯಿ, ಅಂದರೆ ತವರದ ಲೇಪ, ಪೂರಾ ಹೋಗಿತ್ತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಸಾರು, ಹುಳಿ, ಮಜ್ಜಿಗೆ ಯಾವುದನ್ನೂ ಮಾಡಬಾರದು, ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಕಲಾಯಿ ಹಾಕುವವರು ಈಗ ಸಿಗುವುದು ಅಪರೂಪ. ಧಾರವಾಡದಲ್ಲಿ ಯಾರೂ ಸಿಗದೆ ಹುಬ್ಬಳ್ಳಿಯ ದುರ್ಗದಬೈಲಿನ ಪಾತ್ರೆ ಅಂಗಡಿಗಳಲ್ಲಿ ಕೇಳಿದೆ. ಪಾತ್ರೆ ಮಾರುವವರಿಗೆ ಕಲಾಯಿಯವರು ಗೊತ್ತಿರುತ್ತಾರೆ, ನೀವೂ ಅಲ್ಲೇ ಕೇಳಿ.

ಕಲಾಯಿ ಹಾಕುವುದು ನೋಡಲೇಬೇಕು. ಇದ್ದಿಲ ಬೆಂಕಿಯ ಮೇಲೆ ಬೋಗುಣಿ ಕಾಯಿಸಿದರು. ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರು, ಬೆಳ್ಳಗೆ ಹೊಗೆ ಎದ್ದು ಮೂಗು ಚುರ್ ಅಂದಿತು. ತವರದ ಕಡ್ಡಿಯನ್ನು ಒಂದೆರಡು ಕಡೆ ಮುಟ್ಟಿಸಿದರು ಅಷ್ಟೆ. ಹತ್ತಿಯ ಉಂಡೆ ಹಿಡಿದು ಕೈಯನ್ನು ಗರಗರ ತಿರುಗಿಸಿದರು. ಕಪ್ಪಗಿದ್ದ ಒಳಮೈ ಒಂದೇ ಉಸಿರಿಗೆ ಬೆಳ್ಳಿಯಾಯಿತು. ಐದು ಪಾತ್ರೆಗೆ 1,650. ಚೌಕಾಸಿ ಮಾಡಲು ಹೋಗಿ ಅಗ್ಗದ್ದಕ್ಕೆ ಒಪ್ಪಬೇಡಿ. ತವರ ತುಟ್ಟಿ, ಸೀಸ ಅಗ್ಗ. ಅಡುಗೆ ಪಾತ್ರೆಗೆ ಸೀಸ ಬೆರೆಯಲೇಬಾರದು, ಶುದ್ಧ ತವರವೇ ಆಗಬೇಕು ಅಂತ ಮೊದಲೇ ಕೇಳಿ. ತವರ 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಇಟ್ಟು ಮರೆತರೆ ಕಲಾಯಿ ಹೋಯಿತು ಅಂತಲೇ ಲೆಕ್ಕ. ಮಗಳಿಗೆ ಇದನ್ನು ಚೀಟಿ ಬರೆದು ಪಾತ್ರೆಯೊಳಗೇ ಇಟ್ಟು ಕಳಿಸಿದ್ದೇನೆ. ಒಗ್ಗರಣೆಗೆ ಬೇರೆ ಕಬ್ಬಿಣದ ಬಾಣಲೆ.

ಇಲ್ಲಿ ನನಗೆ ಗೊತ್ತೇ ಇರದ ಒಂದು ತೊಡಕು ಆಮೇಲೆ ಬಂತು. ಹೊಸ ಮನೆಗೆ ಗ್ಯಾಸ್ ಬರುವವರೆಗೆ ಇಂಡಕ್ಷನ್ ಒಲೆಯ ಮೇಲೆ ಅಡುಗೆ ಮಾಡುತ್ತೇವೆ ಅಂದಿದ್ದರು ಮಕ್ಕಳು. ಹಿತ್ತಾಳೆ ಪಾತ್ರೆ ಆ ಒಲೆಯ ಮೇಲೆ ಕಾಯುವುದೇ ಇಲ್ಲ. ನಮ್ಮ ಹಳೆ ಅಲ್ಯೂಮಿನಿಯಂ ಕುಕ್ಕರೂ ಇಲ್ಲ. ಪಾತ್ರೆಯ ತಳಕ್ಕೆ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್‌ಗೆ ಆಗುತ್ತದೆ, ಇಲ್ಲವಾದರೆ ಇಲ್ಲ. ಗ್ಯಾಸ್ ಕನೆಕ್ಷನ್ನಿಗೆ ಬಾಡಿಗೆ ಕರಾರು ಪತ್ರ, ಆಧಾರ್ ಎಲ್ಲ ಕೊಟ್ಟು ಒಂಬತ್ತು ದಿನ ಕಾದರು. ಅಷ್ಟು ದಿನ ಎರಡು ಸ್ಟೀಲ್ ಪಾತ್ರೆಯಲ್ಲೇ ಅನ್ನ ಸಾರು.

ಇನ್ನು ಕೌದಿ.

ಅತ್ತೆಯವರ ಟ್ರಂಕಿನಲ್ಲಿ ಹದಿನಾಲ್ಕು ಸೀರೆ ಇದ್ದವು. ಉಡುವ ಹಾಗಿಲ್ಲ, ಮಡಿಕೆಯಲ್ಲೇ ಹರಿದಿದ್ದವು. ಮಾರುವ ಹಾಗೂ ಇಲ್ಲ, ಕೊಡುವ ಹಾಗೂ ಇಲ್ಲ. ಹೊದಿಕೆಗೆ 5,000 ಅಂತ ಮಗಳ ಪಟ್ಟಿಯಲ್ಲಿ ನೋಡಿದಾಗಲೇ ಕೌದಿ ನೆನಪಾಗಿತ್ತು. ಆದರೆ ಆ ಸೀರೆಗಳನ್ನು ಕೈಗೆತ್ತಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ಅದರಲ್ಲೊಂದು ಕೆಂಪು ಇಳಕಲ್ ಸೀರೆ. ಅತ್ತೆ ಹಬ್ಬಕ್ಕೆ ಮಾತ್ರ ಉಡುತ್ತಿದ್ದದ್ದು. ಟೋಪತೆನೆ ಸೆರಗು, ಅದರ ಮೇಲೆ ಅವರೇ ಕೂತು ಹಾಕಿದ ಕಸೂತಿ, ಗೋಪುರ, ತೇರು, ಆನೆ. ಇದಕ್ಕೆ ಕತ್ತರಿ ಹಾಕುವುದು ಹೇಗೆ ಅಂತ ಮತ್ತೆ ಟ್ರಂಕಿಗೇ ಇಟ್ಟೆ, ಮತ್ತೆ ತೆಗೆದೆ.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಕೌದಿ ಹೊಲಿಯುವ ಅಜ್ಜಿ ಒಬ್ಬರಿದ್ದಾರೆ ಅಂತ ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಹೇಳಿದಳು. ಸೀರೆ ಗಂಟು ಹೊತ್ತುಕೊಂಡು ಹೋದೆ. ಅಜ್ಜಿ ಒಂದೊಂದೇ ಸೀರೆ ಹಿಡಿದು ಬೆಳಕಿಗೆ ನೋಡಿ, ಬೆರಳಲ್ಲಿ ಉಜ್ಜಿ ಎರಡು ಗುಂಪು ಮಾಡಿದರು. ಒಂಬತ್ತು ಈ ಕಡೆ, ಐದು ಆ ಕಡೆ.

“ಇವು ನೈಲಾನ್ ಅದಾವ ಅಕ್ಕೋರ. ಸೂಜಿ ಓಡಂಗಿಲ್ಲ, ಬ್ಯಾಸಗ್ಯಾಗ ಮೈ ಉರೀತೈತಿ. ಅರಿವಿ ಹತ್ತೀದ ಆಗಬೇಕು.”

ಸೆರಗಿನ ಚಿಂತೆ ಹೇಳಿಕೊಂಡೆ. ಅಜ್ಜಿ ಸೆರಗನ್ನು ಮೊಣಕಾಲ ಮೇಲೆ ಹರಡಿ, ಕಸೂತಿಯ ಆನೆಯ ಮೇಲೆ ಕೈಯಾಡಿಸಿದರು. “ಕತ್ತರಿ ಯಾಕ ಬೇಕು? ಮಡಚಿ ನಡುವ ಕೂಡ್ರಸ್ತೀನಿ. ನಿಮ್ಮತ್ತಿ ಮೊಮ್ಮಗಳ ಎದಿ ಮ್ಯಾಲ ಇರ್ತಾಳ” ಅಂದರು. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಎರಡು ಕೌದಿಗೆ ಮಜೂರಿ 1,500ರಂತೆ 3,000. ದಾರಕ್ಕೆ 200. ಮೂರು ವಾರ ಬೇಕು ಅಂದರು, ನಾಲ್ಕಾಯಿತು. ನಡುವೆ ಅವರ ಮನೆಯಲ್ಲೂ ಮದುವೆ. ಅವಸರ ಮಾಡಲು ಮನಸ್ಸು ಬರಲಿಲ್ಲ, ಯಾಕೆಂದರೆ ಆ ಕೆಲಸವನ್ನು ನಾನು ಕೂತು ನೋಡಿದ್ದೆ. ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಪ್ರತಿ ಹೊಲಿಗೆ ಕಾಳಿನಷ್ಟು ಉದ್ದ. ಇನ್ನು ಒಂದು ಗೇಣು ಉಳಿದಾಗ ನಿಲ್ಲಿಸಿ, ಒಳಗಿಂದ ಒಂದು ಚಿಟಿಕೆ ಅಕ್ಕಿ ತಂದು ಆ ಸಂದಿಗೆ ಹಾಕಿ ಹೊಲಿದುಬಿಟ್ಟರು. ಯಾಕೆ ಅಂತ ಕೇಳಿದೆ. ಬರಿಹೊಟ್ಟೆಯಲ್ಲಿ ಕೌದಿಯನ್ನು ಕಳಿಸಬಾರದಂತೆ. ದಿನಕ್ಕೆ ಲೆಕ್ಕ ಹಾಕಿದರೆ 1,500 ತೀರಾ ಕಡಿಮೆ. ನಾನು ಕೇಳಿದಷ್ಟು ಕೊಟ್ಟು, ಮೇಲೆ ಒಂದು ಹೊಸ ಸೀರೆ ಕೊಟ್ಟೆ. ದಯವಿಟ್ಟು ಇವರ ಹತ್ತಿರ ಚೌಕಾಸಿ ಮಾಡಬೇಡಿ.

ಒಂದು ತಪ್ಪಾಯಿತು. ಕೆಂಪು ಸೀರೆ ಬಣ್ಣ ಬಿಡುತ್ತದೆಯೋ ಇಲ್ಲವೋ ಅಂತ ನಾನು ನೋಡಿರಲಿಲ್ಲ. ಮೊದಲ ಸಲ ನೆನೆಹಾಕಿದಾಗ ಪಕ್ಕದ ಬಿಳಿ ವಾಯಿಲ್ ಸೀರೆಗೆ ಗುಲಾಬಿ ಮಚ್ಚೆ ಬಿತ್ತು. ಹೊಲಿಯಲು ಕೊಡುವ ಮುಂಚೆ ಪ್ರತಿ ಸೀರೆಯ ಮೂಲೆಯನ್ನೂ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬೇರೆಯಾಗಿ ನಾಲ್ಕು ಸಲ ಒಗೆದು ಆಮೇಲೆ ಕೊಡಿ. ಒದ್ದೆ ಕೌದಿ ಎತ್ತಲು ಇಬ್ಬರು ಬೇಕು, ಒಣಗಲು ಎರಡು ಬಿಸಿಲು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟೆರೇಸು ಬಳಸಬಹುದೇ ಅಂತ ಮಾಲೀಕರ ಹತ್ತಿರ ಮೊದಲೇ ಕೇಳಿಕೊಳ್ಳಿ. ಗಾದಿಗೂ ಬೇಕು, ಕೌದಿಗೂ ಬೇಕು.

ಅಜ್ಜಿ ಬೇಡ ಅಂದ ಐದು ಸೀರೆಯ ಜೊತೆ ನಮ್ಮ ಹಳೆ ಪ್ಯಾಂಟು ಶರ್ಟು ಸೇರಿಸಿ, ಬಟ್ಟೆಗೆ ಪಾತ್ರೆ ಕೊಡುವವರು ಓಣಿಗೆ ಬಂದಾಗ ಕೊಟ್ಟೆ. ಮುಚ್ಚಳವಿರುವ ಒಂದು ದೊಡ್ಡ ಸ್ಟೀಲ್ ಡಬ್ಬಿ ಬಂತು, ಅಕ್ಕಿಗೆ ಆಯಿತು. ಬೇಳೆ, ಮಸಾಲೆಗೆ ಜಾಮ್, ಕಾಫಿಪುಡಿ, ಉಪ್ಪಿನಕಾಯಿಯ ಗಾಜಿನ ಬಾಟಲಿಗಳು. ಬಿಸಿನೀರಿನಲ್ಲಿ ನೆನೆಸಿದರೆ ಚೀಟಿ ಬಿಡುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿ. ಉಪ್ಪಿನಕಾಯಿ ಬಾಟಲಿಯ ವಾಸನೆ ಮಾತ್ರ ಮೂರು ಸಲ ತೊಳೆದರೂ ಹೋಗಲಿಲ್ಲ. ಕೊನೆಗೆ ಕೆಂಡದ ಮೇಲೆ ಇಂಗು ಹಾಕಿ ಆ ಹೊಗೆಗೆ ಬಾಟಲಿ ಬೋರಲು ಹಿಡಿದೆ, ನಮ್ಮವ್ವ ಭರಣಿಗೆ ಮಾಡುತ್ತಿದ್ದ ಹಾಗೆ. ತುಕ್ಕು ಹಿಡಿದ ಮುಚ್ಚಳಗಳನ್ನು ಎಸೆದು ಹೊಸದು ತಂದೆ.

ಸಾಗಿಸುವ ಖರ್ಚನ್ನು ನಾನು ಮೊದಲು ಲೆಕ್ಕಕ್ಕೇ ತಂದಿರಲಿಲ್ಲ. ದೊಡ್ಡ ಪೆಟ್ಟು ಬೀಳುತ್ತಿದ್ದದ್ದು ಇಲ್ಲೇ. ರೈಲಿನಲ್ಲಿ ಒಯ್ಯೋಣ ಅಂದರೆ ಸ್ಲೀಪರ್ ಟಿಕೆಟಿಗೆ ಒಬ್ಬರಿಗೆ 40 ಕಿಲೋ, ಮೇಲಾಗಿ ಗಾದಿ ಮಂಚ ಬೋಗಿಯೊಳಗೆ ಹಿಡಿಸುವುದಿಲ್ಲ. ಪೂರಾ ಗಾಡಿಗೆ ಕೇಳಿದರೆ 9,500 ಅಂದರು. ಬೆಂಗಳೂರಿನಿಂದ ಲೋಡು ತಂದು ಖಾಲಿ ವಾಪಸ್ ಹೋಗುವ ಗಾಡಿ ಹುಡುಕಿ ಅಂತ ಗಾದಿ ಅಂಗಡಿಯ ಚಾಚಾನೇ ದಾರಿ ತೋರಿಸಿದರು. 4,800ಕ್ಕೆ ಒಪ್ಪಿದರು, ಹಮಾಲಿ 600. ಆದರೆ ಅವರು ಕರೆದ ದಿನ ನಾವು ತಯಾರಿರಬೇಕು. ಹಾಗೆ ಒಂದು ವಾರ ಗಂಟು ಮೂಟೆ ಕಟ್ಟಿಕೊಂಡು ಪಡಸಾಲೆಯಲ್ಲೇ ಕೂತಿದ್ದೆವು. ಅಷ್ಟರಲ್ಲಿ ಮಿರಗದ ಮಳೆ ಶುರುವಾಗಿತ್ತು. ಗಾದಿಗಳಿಗೆ ಮೊದಲು ಹಳೆ ಬೆಡ್‌ಶೀಟು, ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಸುತ್ತಿದೆವು. ಬರೀ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ.

ಡ್ರೈವರ್ ಕಾಗದ ಕೇಳಿದರು, ಸರಕು ಸಾಗಣೆಯ ತೆರಿಗೆ ಕಾಗದ, ಇ-ವೇ ಬಿಲ್, ಬೇಕೇನೋ ಅಂತ ಎಲ್ಲರಿಗೂ ಗಾಬರಿ. ತೆರಿಗೆ ಕೆಲಸ ಮಾಡುವ ಪರಿಚಯದವರನ್ನು ಕೇಳಿದೆ. ಬಳಸಿದ ಸ್ವಂತ ಮನೆ ಸಾಮಾನಿಗೆ ಅದು ಬೇಕಿಲ್ಲ ಅಂದರು. ಆದರೂ ಒಂದು ಹಾಳೆಯಲ್ಲಿ ಸಾಮಾನಿನ ಪಟ್ಟಿ ಬರೆದು, “ಬಳಸಿದ ಮನೆ ಸಾಮಾನು, ಮಾರಾಟಕ್ಕಲ್ಲ” ಅಂತ ಸಹಿ ಹಾಕಿ, ನನ್ನ ಆಧಾರ್ ಮತ್ತು ಮಗಳ ಬಾಡಿಗೆ ಕರಾರಿನ ಝೆರಾಕ್ಸ್ ಸೇರಿಸಿ ಡ್ರೈವರಿಗೆ ಕೊಟ್ಟೆ. ದಾರಿಯಲ್ಲಿ ಒಂದು ಕಡೆ ತೋರಿಸಿದರಂತೆ, ಎರಡು ನಿಮಿಷಕ್ಕೆ ಬಿಟ್ಟರು. ಅದೇ ಪಟ್ಟಿ ಇಳಿಸುವಾಗ ಎಣಿಸಲೂ ಉಪಯೋಗಕ್ಕೆ ಬಂತು.

ಲೆಕ್ಕ ಹೇಳಿಬಿಡುತ್ತೇನೆ. ಗಾದಿ ದಿಂಬು 4,220, ಕೌದಿ 3,200, ಕಲಾಯಿ 1,650, ಮಿಕ್ಸರ್ 620, ಕುಕ್ಕರ್ 480, ಮಂಚ 1,400, ಗಾಡಿ ಹಮಾಲಿ 5,400. ಕೂಡಿದರೆ 16,970. ಬಸ್ಸು, ಆಟೊ, ಅಜ್ಜಿಗೆ ಕೊಟ್ಟ ಸೀರೆ ಹಿಡಿದು 18,000 ದಾಟಿತು. ಗ್ಯಾಸ್ ಪೈಪು, ಕಬ್ಬಿಣದ ತವಾ, ಮುಚ್ಚಳ ಹೀಗೆ ಹೊಸದಾಗಿಯೇ ತರಬೇಕಾದದ್ದು ಸುಮಾರು 2,900. ಒಟ್ಟು 21,000. ಮಗಳ ಪಟ್ಟಿ 74,000 ಇತ್ತು ಅಂತ 53,000 ಉಳಿಯಿತು ಅನ್ನಲು ಬರುವುದಿಲ್ಲ. ಆ ಮನೆಯ ಗೋಡೆಯಲ್ಲೇ ಕಪಾಟು ಇದ್ದುದರಿಂದ 15,000ದ ಕಬ್ಬಿಣದ ಕಪಾಟನ್ನು ಅವರು ಕೈಬಿಟ್ಟರು. ಅದು ಹಳೆ ಸಾಮಾನಿನ ಉಳಿತಾಯ ಅಲ್ಲ. ಅದನ್ನು ತೆಗೆದರೆ ನಿಜವಾಗಿ ಉಳಿದದ್ದು 38,000. ಎಂಟು ವಾರದ ನನ್ನ ಓಡಾಟಕ್ಕೆ ಬೆಲೆ ಕಟ್ಟಿಲ್ಲ, ಹೆಚ್ಚಿನ ದಿನ ರಜೆ ಇತ್ತು. ದಿನಾ ಕೆಲಸಕ್ಕೆ ಹೋಗುವವರು ಇದರಲ್ಲಿ ಎರಡನ್ನೇ ಮಾಡುವುದಾದರೆ ಗಾದಿ ಮತ್ತು ಮಂಚ ಮಾಡಿ, ಜಾಸ್ತಿ ಹಣ ಉಳಿಯುವುದು ಅಲ್ಲೇ. ಪಾತ್ರೆಯಲ್ಲಿ ಉಳಿತಾಯ ಇದೆ, ಆದರೆ ಕಲಾಯಿಯವರು ನಿಮ್ಮ ಊರಿನಲ್ಲಿ ಸಿಕ್ಕರೆ ಮಾತ್ರ.

ನಾನು ಎರಡು ದಿನ ಅಲ್ಲಿದ್ದು ವಾಪಸ್ ಬಂದೆ. ನಿನ್ನೆ ಭಾನುವಾರ ಮಗಳ ಫೋನು ಬಂತು. ಹಿಂದೆ ಗಾಳಿಯ ಸದ್ದು, ಟೆರೇಸಿನ ಮೇಲಿದ್ದಳು.

“ಅವ್ವಾ, ಬಿಸಿಲು ಬಿದ್ದದ. ಗಾದಿ ಹಾಕೇನಿ. ಎಷ್ಟೊತ್ತಿಗೆ ಹೊರಳಿಸಬೇಕು?”

“ಹನ್ನೆರಡಕ್ಕ ಒಮ್ಮೆ ಹೊರಳಿಸು. ನಾಲ್ಕರೊಳಗ ಒಳಗ ತಗೊಂಡು ಬಾ, ಇಬ್ಬನಿ ಹಿಡೀಬಾರದು” ಅಂದೆ.